ಸಿರಾದ ಬೀಗ

೧೯೬೨ನೇ ಇಸವಿ ಜೂನ್ ೪, ಸೋಮವಾರ, ಬೆಳಿಗ್ಗೆ ಎಂಟೂವರೆ. ಮಧುಗಿರಿಯ ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲೆ ಡಾಕ್ಟರು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದರು. ಒಂದು ನನ್ನ ಮೇ ತಿಂಗಳ ಲೆಕ್ಕ, ಇನ್ನೊಂದು ಸಿರಾದವನದು.

"ಏನಯ್ಯ, ಸಿರಾದಲ್ಲಿ ಸಿಗೋ ಹುಳ ನಿನಗ್ಯಾಕೆ ಸಿಗಲ್ಲ? ಮಧುಗಿರಿಯವರೆಲ್ಲ ಅಷ್ಟೊಂದು ಸಾಚಾನಾ?"

ಅವರು ಹಾಳೆಗಳನ್ನು ಮಡಿಸುತ್ತಾ, "ಒಬ್ಬರನ್ನ ಬೆಂಗಳೂರಿಗೆ ಕಳಿಸೋಣ ಅಂತಿದೀನಿ. ಮೂರು ತಿಂಗಳು. ಹುಳಾನ ಬಟ್ಟಲಲ್ಲಿ ಬೆಳೆಸೋದು ಕಲಿತು ಬರಲಿ. ಯಾರನ್ನ ಅಂತ ಈ ತಿಂಗಳು ನೋಡಿ ಹೇಳ್ತೀನಿ" ಎಂದು ಎದ್ದು ಹೋದರು.

ನಮ್ಮ ಡಾಕ್ಟರು ಖಾಸಗಿಯವರು. ಮಧುಗಿರಿಯಲ್ಲಿ ಮುಖ್ಯ ದವಾಖಾನೆ, ಸಿರಾದಲ್ಲಿ ಅದರ ಶಾಖೆ, ಗುರುವಾರ ಮಾತ್ರ ಕೊರಟಗೆರೆ. ಎರಡು ಊರಲ್ಲೂ ಒಂದೊಂದು ಸಣ್ಣ ಪ್ರಯೋಗಶಾಲೆ, ಒಬ್ಬೊಬ್ಬ ಪರೀಕ್ಷಕ. ಹುಳ ಎಂದರೆ ಇಲ್ಲಿ ಗೊನೋರಿಯದ ಹುಳ. ನಮ್ಮ ಕಡೆ ಉರಿಮೂತ್ರ ಎನ್ನುತ್ತಾರೆ, ಸಿರಾದ ಸಾಬರು ಸೂಜಾಕ್ ಎನ್ನುತ್ತಾರೆ. ಹೆಣ್ಣು ಗಂಡಿನ ಕೂಟದಿಂದ ಅಂಟುವ ಕಾಯಿಲೆ. ಗಂಡಸರಿಗಾದರೆ ಮೂತ್ರ ಮಾಡುವಾಗ ಉರಿ, ಕೀವು. ಹೆಂಗಸರಲ್ಲಿ ಅನೇಕ ಸಲ ಏನೂ ತೋರದೆ ಒಳಗೇ ಇರುತ್ತದೆ. ಆ ಕೀವಿನಲ್ಲಿ ಹುಳ ಇದೆಯೋ ಇಲ್ಲವೋ ನೋಡಿ ಹೇಳುವುದು ನಮ್ಮ ಕೆಲಸ. ಮೇ ತಿಂಗಳಲ್ಲಿ ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟಷ್ಟೇ ಗಂಡಸರು ಬಂದಿದ್ದರು. ಅವನಿಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಂಡಿತ್ತು. ನನಗೆ ಹನ್ನೊಂದು ಜನರಲ್ಲಿ ಇಬ್ಬರಲ್ಲಿ.

ಸಿರಾದವನು ನನಗಿಂತ ಒಂದು ವರ್ಷ ತಡವಾಗಿ ಕೆಲಸಕ್ಕೆ ಸೇರಿದವನು. ಗಾಜಿನ ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಬೇಕು, ಮಧ್ಯೆ ಬೆರಳಿಡಬಾರದು ಎಂದು ಅವನಿಗೆ ತೋರಿಸಿಕೊಟ್ಟವನು ನಾನು. ಅವನ ಪಟ್ಟಿಗಳ ಮೇಲೆ ಈಗಲೂ ಬೆರಳಚ್ಚು ಇರುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಘಮಘಮ ಎಣ್ಣೆ ಹಾಕಿ ಬಾಚಿದ ತಲೆ, ಬಾಯಲ್ಲಿ ಸದಾ ಸಿಳ್ಳೆ. ಡಾಕ್ಟರು ನನ್ನ ಜೊತೆ ಕೆಲಸದ ಮಾತಾಡುತ್ತಿದ್ದರು, ಅವನ ಜೊತೆ ನಗುತ್ತಿದ್ದರು. ಹೊಟ್ಟೆಕಿಚ್ಚು ಎಂಬ ಮಾತನ್ನು ಯಾರು ಕಟ್ಟಿದರೋ, ಅನುಭವಿಸಿಯೇ ಕಟ್ಟಿದ್ದಾರೆ. ಅದು ಹೊಟ್ಟೆಯಲ್ಲೇ ಆಗುವುದು. ಆ ಸೋಮವಾರ ಮಧ್ಯಾಹ್ನ ನನಗೆ ಮುದ್ದೆ ಇಳಿಯಲಿಲ್ಲ.

ನನ್ನ ಕೆಲಸದಲ್ಲಿ ತಪ್ಪೆಲ್ಲಿದೆ ಎಂದು ಒಂದೊಂದಾಗಿ ಹುಡುಕಿದೆ. ನಾವು ಮಾಡುತ್ತಿದ್ದುದು ಇಷ್ಟು. ತಂತಿಯ ಬಳೆಯನ್ನು ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸಿ ಆರಿಸಬೇಕು. ಮೂತ್ರದ ದ್ವಾರದಿಂದ ಒಂದು ಹನಿ ಕೀವು ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಬೇಕು. ಒಣಗಿದ ಮೇಲೆ ಉರಿಯ ಮೇಲೆ ಮೂರು ಸಲ ಹಾಯಿಸಬೇಕು. ಆಮೇಲೆ ನೇರಳೆ ಬಣ್ಣ, ಅಯೋಡಿನ್, ನಂತರ ಸ್ಪಿರಿಟ್. ಈ ಸ್ಪಿರಿಟ್ಟಿನ ಹೆಜ್ಜೆಯೇ ನಾಜೂಕು. ಕಡಿಮೆ ತೊಳೆದರೆ ಎಲ್ಲ ನೇರಳೆಯಾಗೇ ಉಳಿಯುತ್ತದೆ, ಹೆಚ್ಚು ತೊಳೆದರೆ ಬೇರೆ ಜಾತಿಯ ಹುಳವೂ ಬಣ್ಣ ಬಿಟ್ಟು ಮೋಸ ಮಾಡುತ್ತದೆ. ಕೊನೆಗೆ ಕೆಂಪು ಬಣ್ಣ. ಗೊನೋರಿಯ ಇದ್ದರೆ ಕೀವಿನ ಕಣಗಳ ಒಳಗೆ ಕೆಂಪಗೆ ಜೋಡಿ ಜೋಡಿಯಾಗಿ ಕಾಣುತ್ತದೆ. ಹಿದುಕಿದ ಅವರೆಬೇಳೆಯ ಎರಡು ಹೋಳನ್ನು ಚಪ್ಪಟೆ ಮುಖ ಎದುರುಬದುರಾಗಿ ಇಟ್ಟ ಹಾಗೆ.

ಮೊದಲು ಸ್ಪಿರಿಟ್ಟಿನ ಮೇಲೆ ಅನುಮಾನಪಟ್ಟೆ. ಹೊಸ ಸೀಸೆ ಒಡೆದೆ. ಏನೂ ಬದಲಾಗಲಿಲ್ಲ. ನೇರಳೆ ಬಣ್ಣವನ್ನು ಮತ್ತೆ ಕದಡಿ ಸೋಸಿದೆ. ಅದೂ ಅಲ್ಲ. ಮುಂಗಾರಿನ ಮೋಡಕ್ಕೆ ಕನ್ನಡಿಯ ಬೆಳಕು ಸಾಲದು ಎಂದುಕೊಂಡು ಸೂಕ್ಷ್ಮದರ್ಶಕವನ್ನು ಮೂಡಲ ಕಿಟಕಿಯಿಂದ ಹೊರಬಾಗಿಲ ಪಡಸಾಲೆಗೆ ಸಾಗಿಸಿದೆ.

ಇದಕ್ಕೆ ನಮ್ಮ ಜವಾನ ಸಿಟ್ಟಾದ. ಅರವತ್ತು ದಾಟಿದವನು, ಡಾಕ್ಟರ ತಂದೆಯ ಕಾಲದಿಂದ ಇದ್ದವನು. ಪ್ರತಿ ಶುಕ್ರವಾರ ಸೂಕ್ಷ್ಮದರ್ಶಕಕ್ಕೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದ. "ಲಕ್ಷ್ಮೀನ ಬಾಗ್ಲಾಚೆ ಕೂರುಸ್ತಾರಾ ಬುದ್ಧಿ? ಬೀದಿ ನಾಯಿ ಮೂಸೋ ಜಾಗದಾಗೆ?" ಎಂದ. ಯಾವ ರೋಗಿಯನ್ನೂ ಅವನು ನೇರವಾಗಿ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲ ತೊಟ್ಟಿಯ ಬಳಿ ಚೊಂಬು ಹಿಡಿದು ನಿಂತು, "ಹೋಗಪ್ಪ, ಹೊಯ್ದು, ತೊಳ್ಕೊಂಡು ಬಾ. ಮೈಲಿಗೇಲಿ ಯಂತ್ರದ ಮುಂದೆ ನಿಂತ್ಕಬ್ಯಾಡ" ಎನ್ನುತ್ತಿದ್ದ. ಬರುವವರಿಗೂ ಅದು ಸರಿಯೆನಿಸುತ್ತಿತ್ತು. ನಮ್ಮ ಜನ ಡಾಕ್ಟರ ಬಳಿಗೆ ಹೋಗುವಾಗ ದೇವಸ್ಥಾನಕ್ಕೆ ಹೋಗುವ ಹಾಗೆ ಮೈ ತೊಳೆದೇ ಹೋಗುತ್ತಾರೆ. ನನಗೂ ಶುಚಿಯೆಂದರೆ ಇಷ್ಟ. ಎಂಟಕ್ಕೆ ಬಾಗಿಲು ತೆಗೆದರೆ ಎಂಟೂ ಹತ್ತಕ್ಕೆ ಮೊದಲ ರೋಗಿ ತೊಳೆದುಕೊಂಡು ನನ್ನ ಮುಂದೆ ನಿಂತಿರುತ್ತಿದ್ದ. ಸಿರಾದಲ್ಲಿ ಇಂಥ ಶಿಸ್ತು ಎಲ್ಲಿಂದ ಬರಬೇಕು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಹೊಸ ಸ್ಪಿರಿಟ್ಟು, ಹೊಸ ಬಣ್ಣ, ಹೊಸ ಬೆಳಕು ಎಲ್ಲ ಆದರೂ ನನ್ನ ಪಟ್ಟಿಗಳು ಖಾಲಿ. ಕೀವಿನ ಕಣಗಳೇ ಒಂದೋ ಎರಡೋ. ಆಗ ನನಗೆ ಇನ್ನೊಂದು ಯೋಚನೆ ಬಂತು, ಅದು ಬಂದಾಗ ಸಂತೋಷವೂ ಆಯಿತು. ಸಿರಾದವನು ಸುಳ್ಳು ಬರೆಯುತ್ತಿರಬೇಕು. ಡಾಕ್ಟರನ್ನು ಮೆಚ್ಚಿಸಲು ಕಂಡದ್ದು ಕಾಣದ್ದು ಎಲ್ಲದಕ್ಕೂ "ಇದೆ" ಎನ್ನುತ್ತಿರಬೇಕು.

ಜೂನ್ ೧೩, ಬುಧವಾರ, ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡ ಒಬ್ಬ ಹಿರಿಯರು ಬಂದರು. ಸಿರಾದ ಹತ್ತಿರದ ಹಳ್ಳಿಯವರು, ಕಂಬಳಿ ನೇಯುವವರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇಲ್ಲ ಅಂತ ಬರ್ದೋರು ನೀವೇನಾ ಸ್ವಾಮಿ?"

ಏನು ಎಂದು ಕೇಳಿದೆ. ಅವರು ನಿಂತೇ ಹೇಳಿದರು. ಅವರ ಮಗಳನ್ನು ವೈ.ಎನ್.ಹೊಸಕೋಟೆ ಕಡೆಗೆ ಕೊಟ್ಟಿದ್ದಾರೆ. ಅಳಿಯ ಲಾರಿ ಓಡಿಸುತ್ತಾನೆ, ಅಲ್ಲಿಂದ ಮಧುಗಿರಿಯ ಎಣ್ಣೆ ಮಿಲ್ಲಿಗೆ ಕಡಲೆಕಾಯಿ ತರುತ್ತಾನೆ. ಅಳಿಯನಿಗೆ ಉರಿ ಬಂದು ಮೇ ಕೊನೆಯಲ್ಲಿ ನನ್ನ ಬಳಿ ಪರೀಕ್ಷೆ ಆಯಿತು. ನಾನು ಚೀಟಿ ಬರೆದುಕೊಟ್ಟೆ. ಅದೇ ವಾರ ತವರಿಗೆ ಬಂದಿದ್ದ ಮಗಳಿಗೆ ಹೊಟ್ಟೆನೋವು. ಸಿರಾದ ಶಾಖೆಗೆ ತೋರಿಸಿದರು. ಅಲ್ಲಿನ ಚೀಟಿಯಲ್ಲಿ ಗೊನೋರಿಯ ಇದೆ ಎಂದು ಬಂತು. ಸೂಜಿ ಹಾಕಿಸುವ ಮೊದಲೇ ಜಗಳ ಎದ್ದಿತು.

"ಈಗ ಬೀಗ್ತಿ ಏನಂತಾಳೆ ಅಂದ್ರೆ, ನನ್ನ ಮಗ ಚೊಕ್ಕ, ಕಾಗದ್ದಲ್ಲೇ ಐತೆ, ಸೊಸೆನೇ ಎಲ್ಲಿಂದಲೋ ತಂದವಳೆ ಅಂತ. ಎರಡು ವರ್ಷದ ಕೂಸ ಅವರ್ಮನೇಲೇ ಇಟ್ಕಂಡವ್ರೆ. ಬರೋ ಭಾನುವಾರ ಬುಟ್ಟು ಆಚೆ ಭಾನುವಾರ ಪಂಚಾಯ್ತಿ. ಬಿಡುಗಡೆ ಬರ್ಕೊಡಿ ಅಂತವ್ರೆ. ಕೂಸು ಅವ್ರಿಗೇ ಅಂತೆ."

ನಮ್ಮ ಡಾಕ್ಟರು ಚೀಟಿಗಳನ್ನು ಕನ್ನಡದಲ್ಲೇ ಬರೆಸುತ್ತಿದ್ದರು. "ಯಜಮಾನ್ರೇ, ನಾನು ಇಲ್ಲ ಅಂತ ಬರೆದಿಲ್ಲ. ಕಂಡುಬಂದಿಲ್ಲ ಅಂತ ಬರೆದಿದೀನಿ" ಎಂದೆ.

"ಎರಡೂ ಒಂದೇ ಅಲ್ವಾ ಸ್ವಾಮಿ?"

"ಒಂದೇ ಅಲ್ಲ."

"ಅಂಗಂತ ಪಂಚಾಯ್ತಿಗೆ ಬಂದು ಹೇಳ್ತೀರಾ?"

ಅವರು ಇನ್ನೂ ಒಂದು ಮಾತು ಹೇಳಿದರು. "ನನ್ನ ಮಗಳು ಮದುವೆ ಆದ್ಮೇಲೆ ಎರಡೇ ಮನೆ ನೋಡವಳೆ. ನಮ್ಮನೆ, ಅವರ್ಮನೆ. ನಿಮ್ಮ ಗಾಜಿಗೆ ಅದು ಗೊತ್ತಿಲ್ವಾ?"

ನನ್ನ ಮನಸ್ಸು ಆ ಹೊತ್ತಿನಲ್ಲಿ ಏನು ಯೋಚಿಸಿತು ಎಂದರೆ, ಈಗ ಅವನು ಸಿಕ್ಕಿಬಿದ್ದ. ಸಿರಾದವನ ಸುಳ್ಳು "ಇದೆ"ಯಿಂದ ಒಂದು ಹೆಣ್ಣಿನ ಬಾಳು ಹಾಳಾಗುತ್ತಿದೆ. ಅವನ ಪಟ್ಟಿಯನ್ನು ತರಿಸಿ ತಪ್ಪೆಂದು ತೋರಿಸಿದರೆ ಅವಳೂ ಉಳಿಯುತ್ತಾಳೆ, ಬೆಂಗಳೂರೂ ನನಗೆ ಸಿಗುತ್ತದೆ. ಡಾಕ್ಟರಿಗೆ ಹೇಳಿದೆ. ಅವರು ಶುಕ್ರವಾರ ಸಿರಾದಿಂದ ಬರುವಾಗ ಅವಳ ಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ತಂದರು.

ಪಟ್ಟಿ ದಪ್ಪಗಿತ್ತು. ಮೂಲೆಯಲ್ಲಿ ಹೆಬ್ಬೆರಳ ಗುರುತು. ಒಂದು ಹನಿ ಎಣ್ಣೆ ಹಾಕಿ ಕಣ್ಣಿಟ್ಟೆ. ಹೆಚ್ಚು ತೊಳೆದಿದ್ದಾನೆಯೇ ಎಂದು ಮೊದಲು ನೋಡಿದೆ. ಇಲ್ಲ, ಬೇರೆ ಹುಳಗಳು ನೇರಳೆಯಾಗಿಯೇ ಇದ್ದವು. ಸರಿಸುತ್ತಾ ಹೋದೆ. ಹೊರಗೆ ಬಿದ್ದ ಜೋಡಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಕಣದ ಒಳಗೇ ಇರಬೇಕು, ಅದು ನಿಯಮ. ಎಡಬದಿಯ ಒಂದು ಕಣದಲ್ಲಿ ಅವು ಇದ್ದವು. ಒಳಗೇ. ಕೆಂಪಗೆ, ಎದುರುಬದುರು, ಅವರೆಬೇಳೆಯ ಹಾಗೆ. ಇನ್ನೊಂದು ಕಣದಲ್ಲೂ ಇದ್ದವು. ಕಣ್ಣು ತೆಗೆದೆ, ಮತ್ತೆ ಇಟ್ಟೆ. ಇಲ್ಲದಿರಲಿ ಎಂದು ಅಷ್ಟು ಆಸೆಯಿಂದ ನಾನು ಯಾವ ಪಟ್ಟಿಯನ್ನೂ ನೋಡಿಲ್ಲ.

"ಏನಂತೀಯ?" ಡಾಕ್ಟರು ಕೇಳಿದರು.

"ಇದೆ ಸಾರ್."

"ಹಾಗಾದ್ರೆ ಗಂಡನದು?"

ಗಂಡನ ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ಇಬ್ಬರೂ ನೋಡಿದೆವು. ತೆಳ್ಳಗೆ, ಚೊಕ್ಕಟವಾಗಿ, ಖಾಲಿ. ನಾನು ಬರೆದದ್ದು ಸರಿಯಾಗಿಯೇ ಇತ್ತು. ಕಂಡುಬಂದಿಲ್ಲ.

ಮಾರನೆಯ ದಿನ ಶನಿವಾರ ರಜೆ ಕೇಳಿ ಬೆಳಗಿನ ಮೊದಲ ಬಸ್ಸಿಗೆ ಸಿರಾಕ್ಕೆ ಹೋದೆ. ಬಣ್ಣ ಕಡ ತರುತ್ತೇನೆ ಎಂದು ಜವಾನನಿಗೆ ಹೇಳಿದ್ದೆ. ನಿಜವಾಗಿ ಸಿರಾದವನ ಗುಟ್ಟು ಹಿಡಿಯಲು ಹೋಗಿದ್ದೆ. ಎಂಟಕ್ಕೇ ಶಾಖೆ ಮುಟ್ಟಿದೆ. ಬಾಗಿಲಿಗೆ ಬೀಗ. ಜಗುಲಿಯ ಮೇಲೆ ಐದಾರು ಗಂಡಸರು. ನಾನೂ ರೋಗಿಯಂತೆ ಅವರ ಪಕ್ಕ ಕುಳಿತೆ.

ಒಂಬತ್ತಾಯಿತು. ಅವನಿಲ್ಲ. ಒಂಬತ್ತೂವರೆ. ನನ್ನ ಪಕ್ಕದಲ್ಲಿ ಒಬ್ಬ ಸಾಬರು, ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವವರು, ಕಾಲ ಮೇಲೆ ಕಾಲು ಬಿಗಿದುಕೊಂಡು ಅತ್ತಿತ್ತ ಅಲ್ಲಾಡುತ್ತಿದ್ದರು.

"ಏನು ಭಾಯ್, ನೋವಾ?"

"ನೋವಲ್ಲ ತಮ್ಮಾ, ಜೋರಾಗಿ ಬಂದದೆ. ಆ ಪಾಯಖಾನೆಗೆ ಬೀಗ. ಚಾವಿ ಕಸ ಗುಡಿಸೋ ಅಮ್ಮನ ಹತ್ರ. ಅವಳು ಬರೋದು ಮಧ್ಯಾಹ್ನಕ್ಕೆ."

"ಬೀದೀಲಿ ಎಲ್ಲಾದ್ರೂ?"

"ಅರೆ, ಎದುರಿಗೆ ಮಸೀದಿ, ಪಕ್ಕಕ್ಕೆ ಹೆಣ್ಮಕ್ಳ ಇಸ್ಕೂಲು. ಎಲ್ಲಿ ಕೂರ್ಲಿ? ಮನೆ ಬಿಟ್ಟಿದ್ದು ನಸುಕಿನ ಫಜರ್‌ಗೆ. ಆವಾಗಿಂದ ಹಿಂಗೇ." ಆಚೆ ತುದಿಯಲ್ಲಿದ್ದವನೊಬ್ಬ ನಕ್ಕ. "ಸಾಬ್ರೆ, ಈ ಹುಡುಗ್ನ ಸೂಕ್ಷ್ಮ ಯಂತ್ರ ಏನೂ ಬ್ಯಾಡ. ಇವನು ಬರೋದ್ರಲ್ಲಿ ಕಾಯಿಲೆ ತಾನೇ ಈಚೆಗ್ ಬತ್ತದೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಮ್ಮ ಜವಾನನ ಚೊಂಬು ಕಣ್ಣಮುಂದೆ ಬಂತು.

ಹತ್ತೂವರೆಗೆ ಸಿಳ್ಳೆ ಕೇಳಿಸಿತು. ಸೈಕಲ್ಲಿನಿಂದ ಇಳಿದು, "ಓಹೋ, ಗುರುಗಳು!" ಎಂದು ನನ್ನ ಬೆನ್ನು ತಟ್ಟಿ, ಒಬ್ಬೊಬ್ಬರನ್ನು ಒಳಗೆ ಕರೆದ. ನಾನು ಬಾಗಿಲ ಬಳಿ ನಿಂತು ನೋಡಿದೆ. ಬಳೆ ತಾಗಿಸುವ ಮೊದಲೇ ಹನಿ ಹೊರಗೆ ನಿಂತಿತ್ತು. ಅವನು ಅದನ್ನು ಬೆಣ್ಣೆ ಸವರಿದ ಹಾಗೆ ಸವರಿದ. ಕಲಾಯಿಯವರ ಪಟ್ಟಿಯನ್ನು ನಾನೇ ನೋಡಿದೆ. ಕಣದ ತುಂಬ ಹುಳ.

ಮೂತ್ರ ದಾರಿಯನ್ನು ತೊಳೆಯುತ್ತದೆ. ತೊಳೆದ ಮೇಲೆ ಮತ್ತೆ ಕೀವು ಸೇರಬೇಕಾದರೆ ಹೊತ್ತು ಬೇಕು. ನನ್ನ ಜವಾನ ಚೊಂಬು ಹಿಡಿದು ದಿನವೂ ಹುಳವನ್ನು ತೊಟ್ಟಿಗೆ ಹರಿಸುತ್ತಿದ್ದ. ಉಳಿದದ್ದನ್ನು ನಾನು ಗಡಿಯಾರ ನೋಡಿಕೊಂಡು ನೇರ ಒಳಗೆ ಕರೆದು ಹುಡುಕುತ್ತಿದ್ದೆ. ಸಿರಾದವನಿಗೆ ಇದು ಗೊತ್ತಿರಲಿಲ್ಲ. ಅವನು ಬರೀ ತಡವಾಗಿ ಏಳುತ್ತಿದ್ದ. ಅವನ ಸೋಮಾರಿತನ ಮತ್ತು ಒಂದು ಬೀಗ ಸೇರಿ ನನ್ನ ಎರಡು ವರ್ಷದ ಶಿಸ್ತನ್ನು ಸೋಲಿಸಿದ್ದವು. ಅವನು ಸುಳ್ಳುಗಾರನಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮಧುಗಿರಿಗೆ ಮರಳುವ ಬಸ್ಸಿನಲ್ಲಿ ಎರಡು ದಾರಿ ಕಂಡವು. ಸುಮ್ಮನೆ ಜವಾನನ ಕೈಯಿಂದ ಚೊಂಬು ಕಸಿದುಕೊಂಡರೆ ಸಾಕು. ತಿಂಗಳ ಕೊನೆಯ ವೇಳೆಗೆ ನನ್ನ ಲೆಕ್ಕ ಏರುತ್ತದೆ, ಯಾರಿಗೂ ಕಾರಣ ಹೇಳಬೇಕಿಲ್ಲ. ಆದರೆ ಲಾರಿಯವನನ್ನು ಮತ್ತೆ ಪರೀಕ್ಷೆ ಮಾಡಿದರೆ ನನ್ನ ಚೀಟಿಯನ್ನು ನಾನೇ ಹಿಂತೆಗೆದುಕೊಳ್ಳಬೇಕು, ಸಿರಾದವನೇ ಸರಿ ಎಂದು ಡಾಕ್ಟರ ಮುಂದೆ ಒಪ್ಪಬೇಕು. ಪಂಚಾಯ್ತಿ ಇಪ್ಪತ್ತನಾಲ್ಕಕ್ಕೆ. ಆ ಹೆಣ್ಣುಮಗಳನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಆ ಮನೆಯಲ್ಲಿ ಅವಳ ವಿರುದ್ಧ ಮಾತಾಡುತ್ತಿದ್ದುದು ನನ್ನ ಕೈಬರಹ.

ಮಿಲ್ಲಿನವರನ್ನು ಕೇಳಿದೆ. ಆ ಲಾರಿ ಮಂಗಳವಾರ ಬೆಳಗಿನ ಜಾವ ಬರುತ್ತದೆ ಎಂದರು. ಮಂಗಳವಾರ ಹೋದೆ. ನಾನು ಗೇಟು ಸೇರುವಷ್ಟರಲ್ಲಿ ಅವನು ಇಳಿದು ಗೋಡೆ ಮರೆಗೆ ಹೋಗಿ ಬಂದಿದ್ದ. ವಿಷಯ ಹೇಳಿದೆ. "ಅದೇಂ ಲೇದು ಸಾರ್, ಏನೂ ಇಲ್ಲ, ಬರೀ ಸೆಗ" ಎಂದು ಬೀಡಿ ಹಚ್ಚಿದ. ವೈ.ಎನ್.ಹೊಸಕೋಟೆ ಇರುವ ಪಾವಗಡದ ಕಡೆ ಕನ್ನಡದ ಜೊತೆ ತೆಲುಗು ಬೆರೆಯುತ್ತದೆ. ಅವರಿಗೆ ಸೆಗ ಅಂದರೆ ಕಾವು. ಈ ಕಾಯಿಲೆಗೂ ಅದೇ ಹೆಸರು.

"ಇಂಜಿನ್ ಪಕ್ಕ ಕೂತು ಓಡಿಸ್ತೀನಿ. ಕಾವು ಒಳಕ್ಕೆ ಇಳೀತದೆ. ಎಳ್ನೀರು ಕುಡುದ್ರೆ ಹೋಗ್ತದೆ."

"ಎಷ್ಟು ಎಳನೀರು ಕುಡಿದೆ?"

"ಕುಡೀತಾನೇ ಇವ್ನಿ."

"ಹೋಯ್ತಾ?"

ಅವನು ಬೀಡಿ ಎಳೆದ.

"ಹೀಗೇ ಬಿಟ್ಟರೆ ಒಂದಿನ ಮೂತ್ರ ಕಟ್ಟಿಕೊಳ್ತದೆ. ಆಗ ದಾರಿ ಬಿಡಿಸೋಕೆ ಕಬ್ಬಿಣದ ಕಡ್ಡಿ ತೂರಿಸ್ತಾರೆ. ಒಂದು ಸಲ ಅಲ್ಲ."

ಅವನು ಬೀಡಿ ಎಸೆದ. ಲಾರಿಯವರ ನಡುವೆ ಆ ಕಡ್ಡಿಯ ಕತೆ ಎಲ್ಲರಿಗೂ ಗೊತ್ತಿರುತ್ತದೆ. "ನಾಳೆನೂ ಒಂದು ಲೋಡು ಐತೆ" ಎಂದ.

"ನಾಳೆ ಇಳಿದ ಕೂಡಲೇ ಹೊಯ್ಯಬೇಡ. ನಾನು ಬರೋ ತನಕ ತಡ್ಕೋ."

ಬುಧವಾರ ಲಾರಿ ಒಳಗೆ ಬರುವಾಗಲೇ ನಾನು ಮೆಟ್ಟಿಲ ಬಳಿ ನಿಂತಿದ್ದೆ. ಅವನು ಧುಮುಕಿ, ನನ್ನನ್ನು ಮರೆತು, ಗೋಡೆಯ ಕಡೆ ಓಡಿದ. "ನಿಲ್ಲಪ್ಪೋ! ಹೊಯ್ಯಬೇಡ!" ಎಂದು ಕೂಗಿದೆ. ಮೂಟೆ ಇಳಿಸುತ್ತಿದ್ದ ಹಮಾಲಿಗಳು ಕೈಬಿಟ್ಟು ನಿಂತರು. "ಲೇ, ಮಿಲ್ಲಿನ ಗೋಡೆ ಕಾಯಕ್ಕೂ ಆಳು ಇಕ್ಕವ್ರೆ ಕಣ್ಲಾ!" ಎಂದು ಒಬ್ಬ ಕಿರುಚಿದ. ಲಾರಿಯವನು ಎರಡೂ ಕೈ ಅಡ್ಡ ಹಿಡಿದುಕೊಂಡು ಬಗ್ಗಿ ಬಗ್ಗಿ ನನ್ನ ಜೊತೆ ಬಂದ. "ದಾರೀಲಿ ಐ.ಡಿ.ಹಳ್ಳೀಲಿ ಹೊಯ್ಯಕ್ಕೆ ಎಲ್ರೂ ಇಳುದ್ರು ಸಾರ್. ನಾನು ಇಳೀಲಿಲ್ಲ. ಉರಿಗೆ ಹೆದರ್ಕಂಡು ತಡ್ಕಂಡೇ ಬತ್ತೀನಿ" ಎಂದ. ಅದಕ್ಕಿಂತ ಒಳ್ಳೆಯ ಸುದ್ದಿ ನನಗೆ ಬೇರೆ ಇರಲಿಲ್ಲ.

ದವಾಖಾನೆಯ ಹಿತ್ತಲಲ್ಲಿ ಜವಾನ ಚೊಂಬು ತುಂಬಿ ನಿಂತಿದ್ದ.

"ಇವತ್ತು ಬೇಡ. ಹಾಗೇ ಬರ್ತಾನೆ."

"ಹಂಗೇನಾ? ಮೈಲಿಗೆ ಮೈಯಾಗಾ?"

"ಮೈಲಿಗೇನೇ ನಮಗೆ ಬೇಕಾಗಿರೋದು."

"ಓದಿ ಓದಿ ಕೆಟ್ಟೋದ್ರಿ ಬುದ್ಧಿ ನೀವು" ಎಂದು ಅವನು ಚೊಂಬಿನ ನೀರನ್ನು ತುಳಸಿಗೆ ಸುರಿದು ಒಳಗೆ ಓಡಿದ. ನಾನು ಹೋಗುವಷ್ಟರಲ್ಲಿ ಸೂಕ್ಷ್ಮದರ್ಶಕಕ್ಕೆ ತನ್ನ ಟವೆಲ್ಲು ಮುಚ್ಚಿದ್ದ, ಅದು ನೋಡದಿರಲಿ ಎಂದು.

ಹನಿ ತಾನಾಗಿ ಬಂತು. ಸವರಿದೆ, ಒಣಗಿಸಿದೆ, ಉರಿಯ ಮೇಲೆ ಹಾಯಿಸಿದೆ. ನೇರಳೆ, ಅಯೋಡಿನ್, ಸ್ಪಿರಿಟ್, ಕೆಂಪು. ಟವೆಲ್ಲು ಸರಿಸಿ ಕಣ್ಣಿಟ್ಟೆ. ಮೊದಲ ನೋಟದಲ್ಲೇ ಕಂಡಿತು. ಹುಡುಕಬೇಕಾಗಿರಲಿಲ್ಲ.

ಡಾಕ್ಟರು ಬಂದಾಗ ಎಲ್ಲ ಹೇಳಿದೆ. ಚೊಂಬು, ಬೀಗ, ಕಲಾಯಿಯ ಸಾಬರು, ಹತ್ತೂವರೆಯ ಸಿಳ್ಳೆ. ಬೀಗದ ಮಾತನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಸಿರಾದವನು ತಿಳಿದೇ ಮಾಡಿದ ಎಂದು ಅವರು ಭಾವಿಸಿಯಾರು ಎಂಬ ಭಯಕ್ಕೆ ಹೇಳಿದೆ. ಡಾಕ್ಟರು ಕುರ್ಚಿಗೆ ಒರಗಿ, ಕನ್ನಡಕ ತೆಗೆದು, ಕಣ್ಣೀರು ಬರುವಷ್ಟು ನಕ್ಕರು. "ಅವನ ಸೋಮಾರಿತನ ನಿನ್ನ ಶಿಸ್ತಿಗಿಂತ ಮೇಲಾಯ್ತಲ್ಲಯ್ಯ!" ನನ್ನ ಜೊತೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಅದೂ ಅವನ ವಿಷಯಕ್ಕೆ.

ಆಮೇಲೆ ಲಾರಿಯವನನ್ನು ಕರೆದರು. ಪೆನ್ಸಿಲಿನ್ ಒಂದು ಸೂಜಿ ಹಾಕಿ, "ಶನಿವಾರ ಹೆಂಡ್ತೀನ ಕರ್ಕೊಂಡು ಬಾ. ಆವತ್ತು ಇಬ್ಬರಿಗೂ ಹಾಕ್ತೀನಿ. ನಿನಗೊಬ್ಬನಿಗೇ ಹಾಕಿದ್ರೆ ತಿರುಗಿ ಅಂಟ್ಕೊಳ್ತದೆ. ಮತ್ತೆ ಉರಿ, ಮತ್ತೆ ಇಲ್ಲಿಗೆ" ಎಂದರು.

"ಭಾನುವಾರ ಪಂಚಾಯ್ತಿ ಐತೆ ಸಾರ್."

"ಪಂಚಾಯ್ತಿ ಮುಗಿಯೋ ತನಕ ಹುಳ ಕಾಯ್ತದಾ?"

"ನಮ್ಮಮ್ಮಂಗೆ ಏನಂತ ಹೇಳ್ಲಿ?"

"ನಿನ್ನ ಹೆಂಡತಿ ಬರದಿದ್ರೆ ನಿನ್ನ ಕಾಯಿಲೆ ವಾಸಿ ಆಗಲ್ಲ ಅಂತ ಡಾಕ್ಟರು ಅಂದ್ರು ಅನ್ನು. ಅದು ನಿಜಾನೇ."

ಅವನು ಹೊಸ ಚೀಟಿಯನ್ನು ನನ್ನಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಬೀಡಿಕಟ್ಟಿನೊಳಗೆ ತುರುಕಿದ. ಅದನ್ನು ಮನೆಯಲ್ಲಿ ತೋರಿಸುತ್ತಾನೆ ಎಂಬ ನಂಬಿಕೆ ನನಗೆ ಬರಲಿಲ್ಲ. ಅವನ ಕಾಗದ, ಅವನ ಇಷ್ಟ. ಗುರುವಾರ, ಶುಕ್ರವಾರ ನಾನು ಬಾಗಿಲ ಕಡೆ ನೋಡುತ್ತಲೇ ಕೆಲಸ ಮಾಡಿದೆ.

ಜೂನ್ ೨೩, ಶನಿವಾರ, ಹನ್ನೊಂದರ ಸುಮಾರಿಗೆ ನಾಲ್ವರು ಬಂದು ಬೆಂಚಿನ ಮೇಲೆ ಕುಳಿತರು. ಲಾರಿಯವನು, ಅವನ ತಾಯಿ, ಒಂದು ಕೂಸು, ಮತ್ತು ಕೂಸನ್ನು ಎದೆಗೊತ್ತಿಕೊಂಡಿದ್ದ ಆ ಹೆಣ್ಣುಮಗಳು. ಊರಿನಿಂದ ತಾಯಿಯನ್ನೂ ಕೂಸನ್ನೂ ಹತ್ತಿಸಿಕೊಂಡು, ಸಿರಾದ ಕಡೆ ಹೋಗಿ ಹೆಂಡತಿಯನ್ನು ಕರೆತಂದಿದ್ದ. ಕೂಸು ಅವಳ ಸೆರಗನ್ನು ಎರಡು ಕೈಯಲ್ಲೂ ಹಿಡಿದಿತ್ತು. ಅವಳ ವಯಸ್ಸು ನನ್ನದೇ ಇದ್ದೀತು.

ಅತ್ತೆ ಎಲೆಯಡಿಕೆ ಚೀಲದಿಂದ ನನ್ನ ಹಳೆಯ ಚೀಟಿ ತೆಗೆದರು. "ಇದ್ರಾಗೆ ಇಲ್ಲ ಅಂತ ಬರ್ದಿತ್ತಲ್ಲಪ್ಪ. ಈಗ ಐತೆ ಅಂದ್ರೆ, ಮಧ್ಯದಾಗೆ ಇವಳಿಂದಲೇ ಬಂತು ಅನ್ನು."

"ಇಲ್ಲ ಅಂತ ಅಲ್ಲಮ್ಮ, ಆವತ್ತು ಕಾಣಲಿಲ್ಲ ಅಂತ. ತೊಳೆದುಕೊಂಡು ಬಂದಿದ್ದಕ್ಕೆ ಕಾಣಲಿಲ್ಲ. ಉರಿ ಆವತ್ತೂ ಇತ್ತಲ್ಲ, ನಿಮ್ಮ ಮಗನ್ನೇ ಕೇಳಿ."

ಅವರು ಮಗನ ಮುಖ ನೋಡಿದರು. ಅವನು ಗೋಡೆ ನೋಡಿದ. ಬಾಗಿಲಲ್ಲಿದ್ದ ಜವಾನ ಕೆಮ್ಮಿ, "ತೊಳ್ಕಂಡ್ ಬಾ ಅಂದೋನು ನಾನೇ ಕಣಮ್ಮ. ಮಡಿ ಇರ್ಲಿ ಅಂತ ಅಂದೆ, ಇಂಗಾಯ್ತದೆ ಅಂತ ಯಾರಿಗ್ ಗೊತ್ತಿತ್ತು" ಎಂದ.

"ಅಂಗಾರೆ ಮೊದ್ಲು ಯಾರಿಗ್ ಬಂತು? ಅದನ್ನ ನೋಡಿ ಹೇಳಪ್ಪ" ಎಂದರು ಅತ್ತೆ.

"ಗಾಜಿನಲ್ಲಿ ಅದು ಕಾಣಲ್ಲಮ್ಮ. ಯಾರಿಂದ ಯಾರಿಗೆ ಅಂತ ಹುಳ ಹೇಳಲ್ಲ."

ಆ ಹೆಣ್ಣುಮಗಳು ತಲೆ ಎತ್ತಿದಳು. "ಹೇಳ್ದಿದ್ರೆ ಬ್ಯಾಡ ಬುಡಿ ಅಣ್ಣ. ಯಾರಿಂದ ಅಂತ ನಂಗೊತ್ತು, ಅವ್ರಿಗೂ ಗೊತ್ತು. ಒಂದೇ ಚೀಟೀಲಿ ಇಬ್ರ ಹೆಸ್ರೂ ಬರ್ಕೊಡಿ. ಇನ್ಮೇಲೆ ನನ್ನ ಕಾಗದ ಒಂದು ಕಡೆ, ಅವರ ಕಾಗದ ಒಂದು ಕಡೆ ಇರೋದು ಬ್ಯಾಡ."

ಒಂದು ಚೀಟಿಯಲ್ಲಿ ಇಬ್ಬರ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಡಾಕ್ಟರನ್ನು ನೋಡಿದೆ. ಅವರು ಲಾರಿಯವನನ್ನು ನೋಡಿದರು. ಅವನು ಕೂಸಿನ ಕಡೆ ನೋಡಿ, "ಬರೀರಿ" ಎಂದ. ಬರೆದೆ. ಹಳೆಯ ಚೀಟಿಯನ್ನು ಅತ್ತೆ ತಾವಾಗಿಯೇ ಮೇಜಿನ ಮೇಲಿಟ್ಟು ಎಲೆಗೆ ಸುಣ್ಣ ಹಚ್ಚತೊಡಗಿದರು.

ಭಾನುವಾರ ಪಂಚಾಯ್ತಿ ಸೇರಲಿಲ್ಲ ಎಂದು ಲಾರಿಯವನೇ ಮುಂದಿನ ಲೋಡಿನ ದಿನ ಬಂದು ಹೇಳಿದ. ಜುಲೈನಲ್ಲಿ ಇಬ್ಬರನ್ನೂ ಮತ್ತೆ ನೋಡಿದೆ. ಇಬ್ಬರಲ್ಲೂ ಕಂಡುಬರಲಿಲ್ಲ. ಈ ಸಲ ತಡೆದುಕೊಂಡು ಬಂದಿದ್ದರು.

ಬೆಂಗಳೂರಿಗೆ ಹೋದವನು ಸಿರಾದವನು. ಅವನಿಲ್ಲದಿದ್ದರೂ ಸಿರಾ ನಡೆದೀತು, ನೀನಿಲ್ಲದೆ ಮಧುಗಿರಿ ನಡೆಯಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಹೊಗಳಿಕೆಯಾಗಿ ಅದಕ್ಕಿಂತ ಕಹಿಯಾದದ್ದನ್ನು ನಾನು ಕೇಳಿಲ್ಲ. ರೋಗಿಗಳು ಮೂತ್ರ ತಡೆದುಕೊಂಡು ಬರಬೇಕು ಎಂಬ ನಿಯಮ ನಮ್ಮ ಎರಡೂ ಕಡೆ ಜಾರಿಗೆ ಬಂತು. ಡಾಕ್ಟರು ಅದಕ್ಕೆ ತಮಾಷೆಗೆ ಸಿರಾ ಪದ್ಧತಿ ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು. ಇದನ್ನು ಬರೆಯುವ ಈ ಹೊತ್ತಿಗೆ ನಾಲ್ಕು ವರ್ಷವಾಯಿತು. ಹೊಸದಾಗಿ ಸೇರಿದ ಪರೀಕ್ಷಕನಿಗೆ ಮೊನ್ನೆ ನಾನೇ ಬಾಯಾರೆ, "ನಾವು ಸಿರಾ ಪದ್ಧತಿ ಅನುಸರಿಸ್ತೀವಿ" ಎಂದು ಹೇಳಬೇಕಾಯಿತು.

ಇಂಥ ಕೆಲಸ ಮಾಡಿದವರು, ಮಾಡುತ್ತಿರುವವರು ಈ ಪತ್ರಿಕೆಯನ್ನು ಓದುವುದುಂಟು. ಹೆಂಗಸರ ಪಟ್ಟಿಯಲ್ಲಿ ಕಾಣದೇ ಹೋಗುವುದನ್ನು ಕಾಣಿಸುವ ಉಪಾಯ, ಬೆಂಗಳೂರಿಗೆ ಹೋಗದವನಿಗೂ ಮಾಡಲು ಬರುವಂಥದ್ದು, ನಿಮಗೆ ತಿಳಿದಿದ್ದರೆ ದಯವಿಟ್ಟು ಬರೆಯಿರಿ. ಅತ್ತೆ ಕೇಳಿದ ಪ್ರಶ್ನೆಗೆ, ಮೊದಲು ಯಾರಿಗೆ ಬಂತು ಎಂಬುದಕ್ಕೆ, ಗಾಜಿನಿಂದ ಉತ್ತರ ಪಡೆಯುವ ಪರೀಕ್ಷೆ ಎಲ್ಲಿಯಾದರೂ ಇದೆಯೇ ಎಂಬುದನ್ನೂ ತಿಳಿಸಿ. ಆ ಹೆಣ್ಣುಮಗಳಿಗೆ ಅದು ಬೇಡವಾಗಿತ್ತು, ನನಗೆ ಬೇಕು. ಸಿರಾದವನ ಕಣ್ಣಿಗೆ ಇದು ಬಿದ್ದರೆ ಅವನೂ ಬರೆಯಲಿ. ತಡವಾಗಿ ಬರೆಯುತ್ತಾನೆ ಎಂದು ಗೊತ್ತು. ತಡವಾದರೆ ಅವನಿಗೆ ಒಳ್ಳೆಯದೇ ಆಗುತ್ತದೆ ಎಂಬುದೂ ಗೊತ್ತು.